ಕಡಲಿನಲ್ಲಿ ಹಸಿರು ಉಬ್ಬರ

ನಮ್ಮ ಶ್ರೋತೃಗಳಲ್ಲಿ ಕಡಲನ್ನು ಕಾಣದವರು ಅನೇಕರು ಇರಬಹುದು. ಕೆರೆಯನ್ನು ಕಾಣದವರು ಒಬ್ಬರೂ ಇರಲಾರರು. ಆದುದರಿಂದ ಕೆರೆಯಿಂದಲೇ ನಮ್ಮ ಮಾತನ್ನು ಆರಂಭಿಸುತ್ತೇವೆ. ಊರ ಬಚ್ಚಲ ನೀರೂ ಕೊಟ್ಟಿಗೆಯ ತೊಳೆನೀರೂ ಹರಿದುಬಂದು ಸೇರುವ ಕೆರೆಯು ಬೇಸಿಗೆಯ ಬಿಸಿಲಿಗೆ ಹಸಿರೇರುವುದನ್ನೂ, ಕಲ್ಯಾಣಿಯ ಮೆಟ್ಟಿಲುಗಳ ಮೇಲೆ ಪಾಚಿ ಕಟ್ಟಿ ಕಾಲು ಜಾರುವುದನ್ನೂ ನಾವೆಲ್ಲರೂ ಬಲ್ಲೆವು. ನೀರು, ಬಿಸಿಲು, ಗೊಬ್ಬರ ಈ ಮೂರೂ ಒಂದೆಡೆ ಕೂಡಿದಲ್ಲಿ ಪಾಚಿಯು ಬೆಳೆಯದೆ ಇರುವುದಿಲ್ಲ. ಇದೇ ಮಾತು ಕಡಲಿಗೂ ಸಲ್ಲುವುದೆಂದರೆ ಕೆಲವರಿಗೆ ಆಶ್ಚರ್ಯವಾದೀತು. ಕಡಲು ಅಪಾರವಾದುದು, ಅದರಲ್ಲಿ ಏನು ಬಿದ್ದರೂ ಕರಗಿ ಇಲ್ಲವಾಗುವುದೆಂಬುದು ಲೋಕದ ನಂಬಿಕೆ. ಆ ನಂಬಿಕೆ ಎಷ್ಟರಮಟ್ಟಿಗೆ ತಪ್ಪೆಂಬುದನ್ನು ಈಚಿನ ಕೆಲವು ದಶಕಗಳಲ್ಲಿ ಪಾಚಿಯೇ ಮನುಷ್ಯನಿಗೆ ತೋರಿಸಿಕೊಟ್ಟಿದೆ.

2008ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಚೀನಾ ದೇಶದಲ್ಲಿ ಒಲಿಂಪಿಕ್ ಪಂದ್ಯಗಳು ನಡೆದುವು. ಹಾಯಿದೋಣಿಗಳ ಪಂದ್ಯಕ್ಕೆಂದು ಹಳದಿ ಸಮುದ್ರದ ತೀರದಲ್ಲಿರುವ ಚಿಂಗ್‌ಡಾವ್ ಪಟ್ಟಣವನ್ನು ಆರಿಸಿದ್ದರು. ಪಂದ್ಯಕ್ಕೆ ಇನ್ನು ಕೆಲವೇ ವಾರಗಳಿರುವಾಗ, ಜೂನ್ ತಿಂಗಳ ಕೊನೆಯಲ್ಲಿ, ಪಟ್ಟಣದ ಮುಂದಿನ ಕಡಲು ಹಸಿರು ಹುಲ್ಲುಗಾವಲಿನಂತಾಯಿತು. ದೋಣಿಗಳು ಓಡಬೇಕಾದ ನೀರಿನ ಮೇಲೆ ದಟ್ಟವಾದ ಪಾಚಿಯು ಕಂಬಳಿ ಹಾಸಿದಂತೆ ಹರಡಿತು. ಸೈನಿಕರೂ ಬೆಸ್ತರೂ ಊರವರೂ ಸೇರಿ 10,000ಕ್ಕೂ ಹೆಚ್ಚು ಮಂದಿ ಹಗಲಿರುಳು ದುಡಿದು 10 ಲಕ್ಷ ಟನ್ನಿಗೂ ಮಿಗಿಲಾದ ಪಾಚಿಯನ್ನು ಎತ್ತಿ ಹೊರಹಾಕಿದರು. ಪಂದ್ಯಗಳು ನಿಂತುಹೋಗಲಿಲ್ಲ, ಆದರೆ ಪಾಚಿಯೂ ಸೋತು ಹಿಂದಿರುಗಲಿಲ್ಲ. ಮರುವರ್ಷದ ಬೇಸಿಗೆಯಲ್ಲಿ ಅದು ಮತ್ತೆ ಬಂದಿತು. ಅಂದಿನಿಂದ ವರ್ಷವರ್ಷವೂ ಬರುತ್ತಲಿದೆ. ಇದನ್ನು ವಿದ್ವಾಂಸರು ‘ಹಸಿರು ಉಬ್ಬರ’ವೆಂದು ಕರೆಯುತ್ತಾರೆ. ಚಂದ್ರನ ಸೆಳೆತದಿಂದ ಏಳುವ ಉಬ್ಬರವು ಆರು ಗಂಟೆಗಳಲ್ಲಿ ಇಳಿಯುತ್ತದೆ. ಈ ಉಬ್ಬರವು ಇಳಿಯಲು ತಿಂಗಳುಗಳು ಬೇಕು.

ಇಷ್ಟು ಪಾಚಿ ಎಲ್ಲಿಂದ ಬಂದಿತು? ಇಷ್ಟು ಬೇಗ ಹೇಗೆ ಬೆಳೆಯಿತು? ಬಂದರೆ ಕೇಡೇನು? ಈ ಮೂರು ಪ್ರಶ್ನೆಗಳಿಗೆ ಉತ್ತರ ಹೇಳುವುದಕ್ಕೆ ಮೊದಲು ಆ ಸಸ್ಯದ ಮೈಯನ್ನು ನಾವು ಸ್ವಲ್ಪ ನೋಡಬೇಕು.

ಅದರ ಹೆಸರು ಉಲ್ವ. ಈ ಕುಲದ ಕೆಲವು ಜಾತಿಗಳು ನಮ್ಮ ಕಾರವಾರ ಮೊದಲಾದ ಕಡೆಗಳ ಕಡಲಬಂಡೆಗಳ ಮೇಲೆಯೂ ಬೆಳೆಯುತ್ತವೆ. ನೀರಿಳಿದಾಗ ಬಂಡೆಗೆ ಅಂಟಿಕೊಂಡ ಹಸಿರು ರೇಷ್ಮೆಯ ಚೂರುಗಳಂತೆ ಕಾಣುತ್ತವೆ. ಕೆಲವು ಜಾತಿಗಳು ಹಾಳೆಯಂತೆ ಅಗಲವಾಗಿರುವುವು. ಆ ಹಾಳೆಯ ದಪ್ಪವಾದರೋ ಎರಡೇ ಜೀವಕಣಗಳಷ್ಟು. ಮತ್ತೆ ಕೆಲವು ಟೊಳ್ಳಾದ ಕೊಳವೆಯಂತಿರುವುವು. ಆ ಕೊಳವೆಯ ಗೋಡೆ ಒಂದೇ ಜೀವಕಣದಷ್ಟು ದಪ್ಪ. ಚಿಂಗ್‌ಡಾವ್‌ಗೆ ಬಂದುದು ಈ ಕೊಳವೆಯ ಜಾತಿ. ಬಹುಕಾಲ ಹಾಳೆಯವುಗಳನ್ನು ಒಂದು ಕುಲವೆಂದೂ ಕೊಳವೆಯವುಗಳನ್ನು ಇನ್ನೊಂದು ಕುಲವೆಂದೂ ಬೇರೆಬೇರೆಯಾಗಿ ಎಣಿಸಿದ್ದರು. ಅವುಗಳ ವಂಶದ್ರವ್ಯವನ್ನು ಹೋಲಿಸಿ ನೋಡಿದ ಮೇಲೆ, 2003ರಲ್ಲಿ, ಎರಡೂ ಒಂದೇ ಕುಲವೆಂದು ನಿಶ್ಚಯವಾಯಿತು.

ಹೊಲದ ಗಿಡಕ್ಕೂ ಈ ಪಾಚಿಗೂ ಇರುವ ಭೇದವನ್ನು ಗಮನಿಸಬೇಕು. ಹೊಲದ ಗಿಡವು ದೊಡ್ಡ ಸಂಸಾರವಿದ್ದಂತೆ. ಬೇರು ನೀರನ್ನೂ ಸಾರವನ್ನೂ ತರಬೇಕು, ಕಾಂಡವು ಅದನ್ನು ಮೇಲಕ್ಕೆ ಸಾಗಿಸಬೇಕು, ಎಲೆಯು ಬಿಸಿಲಿನಲ್ಲಿ ಅಡುಗೆ ಮಾಡಬೇಕು, ಆ ಅಡುಗೆಯಲ್ಲಿ ಬಹುಪಾಲು ದುಡಿಯದ ಅಂಗಗಳ ಪೋಷಣೆಗೆ ವೆಚ್ಚವಾಗಬೇಕು. ಉಲ್ವಕ್ಕೆ ಈ ಸಂಸಾರದ ಭಾರವೇ ಇಲ್ಲ. ಬಂಡೆಯನ್ನು ಹಿಡಿದಿರುವ ಒಂದು ಸಣ್ಣ ಅಂಟುಭಾಗವನ್ನು ಬಿಟ್ಟರೆ ಅದಕ್ಕೆ ಬೇರಿಲ್ಲ, ಕಾಂಡವಿಲ್ಲ, ಮರವಿಲ್ಲ, ತೊಗಟೆಯಿಲ್ಲ. ಪ್ರತಿಯೊಂದು ಜೀವಕಣವೂ ನೀರಿಗೆ ತಾಗಿಕೊಂಡೇ ಇರುತ್ತದೆ; ತನಗೆ ಬೇಕಾದುದನ್ನು ತಾನೇ ಹೀರಿ, ತಾನೇ ಬಿಸಿಲು ಕಾಯ್ದು, ತಾನೇ ಅಡುಗೆ ಮಾಡಿಕೊಂಡು, ತಾನೇ ಇಬ್ಭಾಗವಾಗಿ ಬೆಳೆಯುತ್ತದೆ. ಆದ್ದರಿಂದಲೇ ಅದರ ಬೆಳವಣಿಗೆ ಅಷ್ಟು ತೀವ್ರ.

ಅನುಕೂಲವಾದ ಶಾಖವೂ ಬೆಳಕೂ ಸಾರವೂ ದೊರೆತಾಗ ಈ ಪಾಚಿಯು ದಿನವೊಂದಕ್ಕೆ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು, ಒಮ್ಮೊಮ್ಮೆ ಅದಕ್ಕೂ ಹೆಚ್ಚು, ಬೆಳೆಯುವುದುಂಟು. ಇದು ದೊಡ್ಡ ಅಂಕಿಯಾಗಿ ತೋರಲಿಕ್ಕಿಲ್ಲ. ಆದರೆ ಚದುರಂಗದ ಮನೆಗಳಲ್ಲಿ ಒಂದು ಕಾಳು, ಎರಡು ಕಾಳು, ನಾಲ್ಕು ಕಾಳು ಎಂದು ಇಡುತ್ತ ಹೋಗಿ ಅರಸನ ಕಣಜವೇ ಬರಿದಾದ ಕಥೆಯನ್ನು ಎಲ್ಲರೂ ಕೇಳಿದ್ದೀರಿ. ಲೆಕ್ಕಕ್ಕಾಗಿ, ಪಾಚಿಯು ನಾಲ್ಕು ದಿನಕ್ಕೊಮ್ಮೆ ಇಮ್ಮಡಿಯಾಗುವುದೆಂದು ಇಟ್ಟುಕೊಳ್ಳೋಣ. ಒಂದು ಟನ್ನು ಪಾಚಿ 40 ದಿನಗಳಲ್ಲಿ 1,024 ಟನ್ನಾಗುತ್ತದೆ; 60 ದಿನಗಳಲ್ಲಿ 32,768 ಟನ್ನಾಗುತ್ತದೆ. ಮೊದಲನೆಯ ತಿಂಗಳು ಯಾರ ಕಣ್ಣಿಗೂ ಬೀಳದುದು ಎರಡನೆಯ ತಿಂಗಳ ಕೊನೆಗೆ ಕಡಲನ್ನೇ ಮುಚ್ಚುವುದರ ಗುಟ್ಟು ಇಷ್ಟೇ. ‘ರಾತ್ರಿ ಬೆಳಗಾಗುವುದರೊಳಗೆ ಬಂದಿತು’ ಎಂದು ತೀರದವರು ಹೇಳುವುದು ತೋರಿಕೆಗೆ ಮಾತ್ರ ನಿಜ.

ಬೆಳೆಯುವಂತೆಯೇ ಸಂತಾನವನ್ನು ಹರಡುವುದರಲ್ಲಿಯೂ ಉಲ್ವವು ನಿಪುಣ. ಪಾಚಿಯ ಅಂಚಿನ ಸಾಮಾನ್ಯ ಜೀವಕಣಗಳೇ ಸಮಯ ಬಂದಾಗ ಒಳಗೊಳಗೆ ಒಡೆದು ಎಂಟೋ ಹದಿನಾರೋ ಸೂಕ್ಷ್ಮ ಬೀಜಾಣುಗಳಾಗುತ್ತವೆ. ಅವು ಚಾವಟಿಯಂಥ ಎಳೆಗಳನ್ನು ಬೀಸುತ್ತ ನೀರಿನಲ್ಲಿ ಈಜಿಹೋಗುತ್ತವೆ. ಅಂಚಿನಲ್ಲಿ ಬಿಳಿಚಿದ ಬರಿಯ ಗೋಡೆಗಳು ಉಳಿಯುತ್ತವೆ. ನಾಲ್ಕು ಎಳೆಗಳುಳ್ಳ ಬೀಜಾಣುವು ಗಟ್ಟಿಯಾದ ನೆಲೆ ಸಿಕ್ಕೊಡನೆ ಅಂಟಿಕೊಂಡು ತಾನೇ ಹೊಸ ಪಾಚಿಯಾಗುತ್ತದೆ. ಎರಡು ಎಳೆಗಳುಳ್ಳವು ಒಂದರೊಡನೊಂದು ಕೂಡಿ ಪಾಚಿಯಾಗುತ್ತವೆ. ಜೊತೆ ಸಿಕ್ಕದಿದ್ದರೆ ಒಂಟಿಯಾಗಿಯೇ ಮೊಳೆಯುವುದೂ ಉಂಟು. ಇದೂ ಸಾಲದೆಂಬಂತೆ, ಅಲೆಯ ಹೊಡೆತಕ್ಕೆ ಹರಿದ ಚೂರು ಸಾಯುವುದಿಲ್ಲ; ಚೂರುಚೂರೂ ಗಿಡವಾಗುತ್ತದೆ. ಇಂಥ ಸಸ್ಯವನ್ನು ಕೊಚ್ಚಿ ನೀರಿಗೆಸೆಯುವುದು ಬಿತ್ತನೆ ಮಾಡಿದಂತೆಯೇ ಸರಿ.

ಈಗ ಮೊದಲನೆಯ ಪ್ರಶ್ನೆಗೆ ಬರೋಣ. ಚಿಂಗ್‌ಡಾವ್‌ನ ಪಾಚಿ ಚಿಂಗ್‌ಡಾವ್‌ನಲ್ಲಿ ಹುಟ್ಟಿದುದಲ್ಲ. ಉಪಗ್ರಹಗಳು ಆಕಾಶದಿಂದ ತೆಗೆದ ಚಿತ್ರಗಳನ್ನು ದಿನದಿನಕ್ಕೆ ಹಿಂದಿಂದಕ್ಕೆ ಜೋಡಿಸಿ ನೋಡಿದಾಗ ಅದರ ಜಾಡು ದಕ್ಷಿಣಕ್ಕೆ, ಸುಮಾರು 300 ಕಿಲೋಮೀಟರು ದೂರದ ಜಿಯಾಂಗ್‌ಸು ಪ್ರಾಂತದ ಕರಾವಳಿಗೆ ಹೋಯಿತು. ಅಲ್ಲಿಯ ತೀರವು ಕೆಸರು ನೆಲ. ಗಟ್ಟಿಯಾದ ನೆಲೆ ಬೇಕಾದ ಉಲ್ವಕ್ಕೆ ಅಲ್ಲಿ ಕಾಲೂರಲು ಸ್ಥಳವಿರಲಿಲ್ಲ. ಆ ಸ್ಥಳವನ್ನು ಮನುಷ್ಯನು ಒದಗಿಸಿದನು. ಜಪಾನೀಯರು ನೋರಿ ಎಂದು ಕರೆದು ಅನ್ನದೊಡನೆ ತಿನ್ನುವ ಒಂದು ಬಗೆಯ ಕೆಂಪುಜಾತಿಯ ಪಾಚಿಯುಂಟು. ಜಿಯಾಂಗ್‌ಸುವಿನವರು ಅದನ್ನು ಬೆಳೆಯುವುದಕ್ಕಾಗಿ ಆಳವಿಲ್ಲದ ಕಡಲಿನಲ್ಲಿ ಬಿದಿರು ನೆಟ್ಟು, ಹಗ್ಗ ಕಟ್ಟಿ, ಬಲೆಗಳನ್ನು ಹರಡಿ ದೊಡ್ಡ ದೊಡ್ಡ ಚಪ್ಪರಗಳನ್ನು ಹಾಕಿದರು. ಬೆಳೆಗೆಂದು ಹಾಕಿದ ಚಪ್ಪರಕ್ಕೆ ಕಳೆಯಾಗಿ ಉಲ್ವವು ಹತ್ತಿಕೊಂಡಿತು. ಏಪ್ರಿಲ್ ಮೇ ತಿಂಗಳುಗಳಲ್ಲಿ, ನೋರಿಯ ಕೊಯ್ಲು ಮುಗಿದ ಮೇಲೆ, ಹಗ್ಗಗಳನ್ನು ಕೆರೆದು ಶುಚಿ ಮಾಡುವ ರೂಢಿ. ಕೆರೆದ ಕಳೆಯನ್ನು ಅಲ್ಲಿಯೇ ನೀರಿಗೆ ಬಿಡುತ್ತಿದ್ದರು.

ಬಿಟ್ಟ ಪಾಚಿ ಮುಳುಗಲಿಲ್ಲ. ಕೊಳವೆಯಂಥ ಮೈಯೊಳಗೆ ಅದು ಬಿಸಿಲಿನಲ್ಲಿ ತಾನೇ ಉತ್ಪತ್ತಿ ಮಾಡಿದ ಆಮ್ಲಜನಕದ ಗುಳ್ಳೆಗಳು ತುಂಬಿಕೊಂಡು ತೇಲಿಸಿದುವು. ತೇಲುವ ಪಾಚಿಗೆ ಬೆಳಕು ಯಥೇಚ್ಛ. ಆ ಕಾಲದ ಆಗ್ನೇಯದ ಗಾಳಿಯೂ ಮೇಲ್ನೀರಿನ ಹರಿವೂ ಅದನ್ನು ಉತ್ತರಕ್ಕೆ ಕೊಂಡೊಯ್ದುವು. ದಾರಿಯ ಉದ್ದಕ್ಕೂ ನದಿಗಳೂ ಹೊಲಗಳೂ ಮೀನುಸಿಗಡಿಗಳ ಕೊಳಗಳೂ ಪಟ್ಟಣಗಳೂ ಕಡಲಿಗೆ ಸುರಿದ ಸಾರಜನಕವೂ ರಂಜಕವೂ ಊಟಕ್ಕೆ ಸಿದ್ಧವಾಗಿದ್ದುವು. ವಸಂತದ ನೀರಿನ ಹದವಾದ ಶಾಖವೂ ಕೂಡಿತು. ಹೊರಟಾಗ ಹಗ್ಗದ ಕಸವಾಗಿದ್ದುದು ತಲಪುವಾಗ ಹಸಿರು ಉಬ್ಬರವಾಗಿತ್ತು. ಜುಲೈ ಆಗಸ್ಟ್ ತಿಂಗಳ ಕಾವು ಏರಿದ ಮೇಲೆಯೇ ಅದು ಕುಗ್ಗಿ, ಕೊಳೆತು, ಮುಳುಗುವುದು.

ಹಾಗಾದರೆ ಅಪರಾಧವೆಲ್ಲ ಆ ಬಿದಿರಿನ ಚಪ್ಪರಗಳದೆಂದು ಹೇಳಬಹುದೆ? ಹಾಗೆಂದು ತೀರ್ಮಾನಿಸುವುದಕ್ಕೆ ಮೊದಲು ಭೂಮಂಡಲದ ಇನ್ನೊಂದು ಮೂಲೆಯನ್ನು ನೋಡೋಣ.

ಫ್ರಾನ್ಸ್ ದೇಶದ ವಾಯವ್ಯದಲ್ಲಿ ಬ್ರಿಟನಿ ಎಂಬ ಸೀಮೆಯಿದೆ. ಅಲ್ಲಿ ಇಂಥ ಚಪ್ಪರಗಳಿಂದ ಕೊಚ್ಚಿಬಂದ ಪಾಚಿಯಿಲ್ಲ. ದೂರದ ಪ್ರಯಾಣವೂ ಇಲ್ಲ. ಆದರೂ 1970ರ ದಶಕದಿಂದ ಅಲ್ಲಿಯ ಹಲವು ಕೊಲ್ಲಿಗಳಲ್ಲಿ ಬೇಸಿಗೆಯೆಲ್ಲ ಉಲ್ವದ ರಾಶಿ ಬಂದು ಬೀಳುತ್ತದೆ. ಕಾರಣವನ್ನು ಹುಡುಕುತ್ತ ಹೋದವರು ಕಡಲನ್ನು ಬಿಟ್ಟು ಹೊಳೆಯ ಗುಂಟ ಮೇಲೇರಿ ಹೊಲ ಕೊಟ್ಟಿಗೆಗಳಿಗೆ ಬಂದು ನಿಂತರು. ಎರಡನೆಯ ಮಹಾಯುದ್ಧದ ತರುವಾಯ ಆ ಸೀಮೆಯ ಬೇಸಾಯವು ಬಹಳ ಹೆಚ್ಚಿತು. ಫ್ರಾನ್ಸಿನ ಹಂದಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಒಂದು ಸೀಮೆಯಲ್ಲಿವೆ. ಹಾಲಿನ ಹಸುಗಳೂ ಕೋಳಿಗಳೂ ಹಾಗೆಯೇ ವಿಪುಲ. ಅವುಗಳ ಗಂಜಲ ಸೆಗಣಿಗಳೂ ಚೀಲದ ಗೊಬ್ಬರವೂ ಸೇರಿ, ಪೈರು ಉಣ್ಣುವುದಕ್ಕಿಂತ ಹೆಚ್ಚು ಸಾರಜನಕವು ಮಣ್ಣಿಗೆ ಬಿದ್ದಿತು. ಮಿಕ್ಕುದನ್ನು ಮಳೆಯು ನೈಟ್ರೇಟಿನ ರೂಪದಲ್ಲಿ ತೊಳೆದು ಹೊಳೆಗೆ ಸೇರಿಸಿತು. ಹೊಳೆಯು ಕೊಲ್ಲಿಗೆ ಸೇರಿಸಿತು. ಆ ಕೊಲ್ಲಿಗಳು ಆಳವಿಲ್ಲದವು, ಮರಳಿನ ತಳ, ನೀರು ಹೊರಕ್ಕೆ ಬೇಗ ಹೋಗದೆ ಒಳಗೆಯೇ ಸುತ್ತುತ್ತಿರುವುದು. ಪಾಚಿಗೆ ಇದಕ್ಕಿಂತ ಒಳ್ಳೆಯ ತೊಟ್ಟಿ ಬೇಕೆ?

ಇಲ್ಲಿ ಒಂದು ಸೂಕ್ಷ್ಮವನ್ನು ತಿಳಿಯತಕ್ಕದ್ದು. ಸಸ್ಯಕ್ಕೆ ಬೇಕಾದ ಹಲವು ಪದಾರ್ಥಗಳಲ್ಲಿ ಯಾವುದು ಎಲ್ಲಕ್ಕಿಂತ ಕೊರತೆಯಾಗಿದೆಯೋ ಅದೇ ಬೆಳವಣಿಗೆಗೆ ಲಗಾಮು. ಹತ್ತು ಸೇರು ಅಕ್ಕಿಯಿದ್ದು ಒಂದೇ ಕೊಡ ನೀರಿದ್ದರೆ ಅಡುಗೆಯು ನೀರಿನ ಅಳತೆಗೆ ಆಗುವುದೇ ಹೊರತು ಅಕ್ಕಿಯ ಅಳತೆಗೆ ಆಗುವುದಿಲ್ಲ. ಬೇಸಿಗೆಯ ಈ ಕೊಲ್ಲಿಗಳಲ್ಲಿ ರಂಜಕವು ತಳದ ಕೆಸರಿನಿಂದ ಮರಳಿ ಮರಳಿ ದೊರೆಯುತ್ತದೆ; ಇಂಗಾಲವು ಕಡಲ ನೀರಿನಲ್ಲಿ ಬೇಕಾದಷ್ಟು ಕರಗಿದೆ; ಬೆಳಕಿಗೂ ಬರವಿಲ್ಲ. ಲಗಾಮಾಗಿರುವುದು ಸಾರಜನಕವೊಂದೇ. ಆ ಲಗಾಮನ್ನು ಸಡಿಲಿಸಿದ ಕೂಡಲೇ ಯಾವ ಸಸ್ಯವು ಬೇಗ ಉಂಡು ಬೇಗ ಬೆಳೆಯಬಲ್ಲುದೋ ಅದು ಮುಂದೆ ನುಗ್ಗುತ್ತದೆ. ಶುದ್ಧವಾದ ನೀರಿನಲ್ಲಿ ಕಡಲಹುಲ್ಲೂ ಕಂದುಬಣ್ಣದ ದೊಡ್ಡ ಪಾಚಿಗಳೂ ಮಿತವಾಗಿ ಉಂಡು, ಕೂಡಿಟ್ಟುಕೊಂಡು, ವರ್ಷಗಟ್ಟಲೆ ಬಾಳುತ್ತವೆ. ಅಲ್ಲಿ ಉಲ್ವವು ಬಡವ. ಸಾರ ಹೆಚ್ಚಾದಲ್ಲಿ ಉಲ್ವವೇ ಧನಿಕ. ಅದು ತನ್ನ ಆ ಹೊತ್ತಿನ ಅಗತ್ಯಕ್ಕಿಂತ ಹೆಚ್ಚು ಸಾರಜನಕವನ್ನು ಹೀರಿ ಕೆಲವು ದಿನಗಳಿಗೆ ಸಂಗ್ರಹಿಸಿಕೊಳ್ಳಬಲ್ಲುದು ಕೂಡ. ಅದರ ನೆರಳು ಬಿದ್ದು ತಳದ ನಿಧಾನದ ಸಸ್ಯಗಳು ಬೆಳಕಿಲ್ಲದೆ ಸಾಯುತ್ತವೆ. ಅವುಗಳ ನಡುವೆ ಮೊಟ್ಟೆಯಿಟ್ಟು ಮರಿಮಾಡುತ್ತಿದ್ದ ಮೀನುಗಳೂ ನೆಲೆ ತಪ್ಪುತ್ತವೆ.

ಇನ್ನು ಮೂರನೆಯ ಪ್ರಶ್ನೆ. ಜೀವಂತವಾದ ಉಲ್ವದಲ್ಲಿ ವಿಷವಿಲ್ಲ. ಅದನ್ನು ತಿನ್ನುವ ದೇಶಗಳೇ ಉಂಟು. ಕೇಡಿರುವುದು ಅತಿಯಾದ ರಾಶಿಯಲ್ಲಿ. ಹಗಲಿನಲ್ಲಿ ಪಾಚಿಯು ಆಮ್ಲಜನಕವನ್ನು ಬಿಡುವುದು ನಿಜ. ಇರುಳಿನಲ್ಲಾದರೋ ಅದೂ ಎಲ್ಲ ಜೀವಿಗಳಂತೆ ಉಸಿರಾಡುತ್ತದೆ. ದಟ್ಟವಾದ ಪಾಚಿಯ ಕೆಳಗೆ ಬೆಳಗಿನ ಜಾವದ ಹೊತ್ತಿಗೆ ನೀರಿನ ಆಮ್ಲಜನಕವು ತೀರುತ್ತ ಬಂದು ಮೀನು ಸಿಗಡಿಗಳು ಉಸಿರುಕಟ್ಟುತ್ತವೆ. ಪಾಚಿ ಸತ್ತು ಕೊಳೆಯತೊಡಗಿದರೆ ಕೊಳೆಸುವ ಸೂಕ್ಷ್ಮಜೀವಿಗಳು ಉಳಿದುದನ್ನೂ ಮುಗಿಸುತ್ತವೆ.

ದಡದ ಮೇಲೆ ಬಿದ್ದ ರಾಶಿಯು ಇನ್ನೂ ಭಯಂಕರ. ಬಿಸಿಲಿಗೆ ಅದರ ಮೇಲ್ಭಾಗವು ಒಣಗಿ ಬೆಳ್ಳಗೆ ಹಪ್ಪಳದಂತಾಗುತ್ತದೆ; ಒಳಗೆ ಗಾಳಿಯಾಡದೆ ಹಸಿಯಾಗಿಯೇ ಕೊಳೆಯುತ್ತದೆ. ಆಮ್ಲಜನಕವಿಲ್ಲದೆ ಬದುಕಬಲ್ಲ ಸೂಕ್ಷ್ಮಜೀವಿಗಳು ಕಡಲ ನೀರಿನಲ್ಲಿಯೂ ಪಾಚಿಯ ಮೈಯಲ್ಲಿಯೂ ಇರುವ ಗಂಧಕಾಂಶವನ್ನು ಬಳಸಿಕೊಂಡು ಹೈಡ್ರೊಜನ್ ಸಲ್ಫೈಡ್ ಎಂಬ ವಿಷಾನಿಲವನ್ನು ಹುಟ್ಟಿಸುತ್ತವೆ. ಹಪ್ಪಳದ ಮೇಲೆ ಕಾಲಿಟ್ಟವನ ಕಾಲು ಕುಸಿದೊಡನೆ ಆ ಅನಿಲವು ಒಮ್ಮೆಗೇ ಮೇಲೇಳುತ್ತದೆ. ಸ್ವಲ್ಪವಾಗಿದ್ದಾಗ ಇದು ಕೊಳೆತ ಮೊಟ್ಟೆಯ ನಾತವಾಗಿ ಮೂಗಿಗೆ ತಿಳಿಯುತ್ತದೆ. ಬಹಳವಾದರೆ ಮೂಗಿನ ನರಗಳನ್ನೇ ಮರಗಟ್ಟಿಸಿ ನಾತವು ಇಲ್ಲದಂತೆ ಮಾಡುತ್ತದೆ. ನಾತ ನಿಂತಿತು, ಅಪಾಯ ಕಳೆಯಿತೆಂದು ತಿಳಿದವನು ಕೆಟ್ಟನು. 2009ರ ಜುಲೈ ತಿಂಗಳಲ್ಲಿ ಬ್ರಿಟನಿಯ ಸಾಂ ಮಿಶೆಲ್ ಆಂ ಗ್ರೇವ್ ಎಂಬಲ್ಲಿ ಪಾಚಿಯ ರಾಶಿಯಲ್ಲಿ ಹೂತುಕೊಂಡ ಕುದುರೆಯೊಂದು ನಿಮಿಷಗಳಲ್ಲಿ ಸತ್ತಿತು. ಸವಾರನು ಪ್ರಜ್ಞೆ ತಪ್ಪಿ, ಹೊರಗೆಳೆಯಲ್ಪಟ್ಟು ಬದುಕಿದನು. 2011ರಲ್ಲಿ ಅದೇ ಸೀಮೆಯ ಇನ್ನೊಂದು ಹೊಳೆಯ ಬಾಯಿಯಲ್ಲಿ 36 ಕಾಡುಹಂದಿಗಳು ಸತ್ತುಬಿದ್ದುವು. ಪರೀಕ್ಷಿಸಿದವುಗಳಲ್ಲಿ ಹೆಚ್ಚಿನವುಗಳಲ್ಲಿ ಈ ಅನಿಲದ ಗುರುತು ಸಿಕ್ಕಿತು. ಅದೇ ಹೊಳೆಯ ಬಾಯಿಯಲ್ಲಿ 2016ರಲ್ಲಿ ಓಡಲು ಹೋದ ಒಬ್ಬ ಮನುಷ್ಯನು ಮಡಿದನು. ಪಾಚಿಯೆಂದರೆ ನೋಟಕ್ಕೆ ಅಸಹ್ಯ, ಅಷ್ಟೇ ಎಂದು ಹೇಳುವವರು ಇವನ್ನು ನೆನೆಯಬೇಕು.

ಪರಿಹಾರವೇನು? ತೀರದಲ್ಲಿ ಬಿದ್ದುದನ್ನು ಕೊಳೆಯುವುದಕ್ಕೆ ಮುಂಚೆ ಎತ್ತಿಹಾಕುವುದು ಅಗತ್ಯವೇ. ಅದರಿಂದ ಪ್ರಾಣಗಳು ಉಳಿಯುತ್ತವೆ, ಎತ್ತಿದುದು ಗೊಬ್ಬರಕ್ಕೂ ಆದೀತು. ಆದರೆ ಅದು ಸೋರುವ ಮನೆಯಲ್ಲಿ ನೆಲ ಒರಸಿದಂತೆ. ಚೀನಾದವರು ಒಂದು ಹೆಜ್ಜೆ ಮುಂದೆ ಹೋಗಿ, ಚಪ್ಪರಗಳನ್ನು ಕಾಲಕ್ಕೆ ಮುಂಚೆ ಬಿಚ್ಚಿಸಿ, ಹಗ್ಗಕ್ಕೆ ಹತ್ತಿದ ಕಳೆಯನ್ನು ದಡಕ್ಕೆ ಒಯ್ಯುವ ಏರ್ಪಾಟು ಮಾಡಿದರು. 2020ರ ಉಬ್ಬರವು ಚಿಕ್ಕದಾಗಿತ್ತು. ಎಲ್ಲರೂ ಸಮಾಧಾನಪಟ್ಟರು. ಮರುವರ್ಷ, 2021ರಲ್ಲಿ, ಹಿಂದಿನ ಎಲ್ಲವನ್ನೂ ಮೀರಿದ ಉಬ್ಬರವು ಬಂದಿತು. ಬಿತ್ತವನ್ನು ಕಡಮೆ ಮಾಡುವುದು ಒಳ್ಳೆಯದೇ. ಆದರೆ ನೆಲವು ಗೊಬ್ಬರದಿಂದ ಕೊಬ್ಬಿರುವ ತನಕ ಉಳಿದ ಒಂದು ಹಿಡಿ ಬಿತ್ತವೇ ಸಾಕು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. ಬ್ರಿಟನಿಯಲ್ಲಿ ಹೊಳೆಗಳ ನೈಟ್ರೇಟು 1990ರ ದಶಕದಲ್ಲಿ ಇದ್ದುದಕ್ಕಿಂತ ಇಳಿದಿದೆ. ಆದರೂ ಉಬ್ಬರ ನಿಂತಿಲ್ಲ. ಏಕೆಂದರೆ ಇಳಿದುದೂ ಪಾಚಿಯ ಹೊಟ್ಟೆಗೆ ಇನ್ನೂ ಹೆಚ್ಚೇ. ಮಣ್ಣಿನಲ್ಲಿ ವರ್ಷಗಟ್ಟಲೆ ಕೂಡಿದುದು ವರ್ಷಗಟ್ಟಲೆ ಇಳಿಯುತ್ತದೆ. ಅಲ್ಲಿಯ ರೈತನೂ ದುಷ್ಟನಲ್ಲ. ಹೆಚ್ಚು ಬೆಳೆಯೆಂದು ಹೇಳಿದವರ ಮಾತನ್ನು ನಂಬಿ ಬೆಳೆದವನು. ಅವನ ಜೀವನಕ್ಕೆ ಬೇರೆ ದಾರಿ ತೋರಿಸದೆ ಅವನನ್ನು ದೂರುವುದು ನ್ಯಾಯವಲ್ಲ.

ಪಾಚಿಯ ಹುಲುಸು ಎಲ್ಲವೂ ಕೇಡೆಂದು ನಾವು ಹೇಳಿದಂತಾಗಬಾರದು. ಅಟ್ಲಾಂಟಿಕ್ ಸಾಗರದಲ್ಲಿ ಸರ್ಗಾಸಮ್ ಎಂಬ ಕಂದುಬಣ್ಣದ ತೇಲುಪಾಚಿಯುಂಟು. 1492ರಲ್ಲಿ ಕೊಲಂಬಸನ ನಾವಿಕರು ಅದರ ನಡುವೆ ಹಾದುಹೋದರು. ನಡುಗಡಲಿನಲ್ಲಿ ಅದು ಆಮೆಯ ಮರಿಗಳಿಗೂ ಮೀನುಗಳಿಗೂ ತೇಲುವ ತೊಟ್ಟಿಲು. 2011ರಿಂದೀಚೆಗೆ ಅದೇ ಸಸ್ಯವು ದಕ್ಷಿಣಕ್ಕೆ ಹಬ್ಬಿ, 2018ರಲ್ಲಿ 8,850 ಕಿಲೋಮೀಟರು ಉದ್ದದ ಪಟ್ಟಿಯಾಗಿ, 2 ಕೋಟಿ ಟನ್ನಿಗೂ ಮಿಕ್ಕಿ ಬೆಳೆದು, ಕೆರಿಬ್ಬಿಯನ್ ದ್ವೀಪಗಳ ದಡದಲ್ಲಿ ಬಿದ್ದು ಕೊಳೆಯಿತು. ನಮ್ಮ ಪಡುವಣ ಕಡಲಿನಲ್ಲಿಯೂ ಮಳೆಗಾಲದಲ್ಲಿ ಆಳದ ತಣ್ಣನೆಯ ನೀರು ಸಾರವನ್ನು ಹೊತ್ತು ಮೇಲೆ ಬರುತ್ತದೆ. ಕಣ್ಣಿಗೆ ಕಾಣದ ಸೂಕ್ಷ್ಮ ಪಾಚಿಗಳು ಆಗ ಹುಲುಸಾಗಿ ಹಬ್ಬುತ್ತವೆ. ಅವನ್ನುಂಡು ಬೂತಾಯಿ ಮೀನು ಕೊಬ್ಬುತ್ತದೆ. ಅದರಿಂದ ಕರಾವಳಿಯ ಸಾವಿರಾರು ಮನೆಗಳಲ್ಲಿ ಒಲೆ ಉರಿಯುತ್ತದೆ. ಹುಲುಸೊಂದೇ, ಅದನ್ನು ಉಣ್ಣುವವರಿದ್ದರೆ ಸುಗ್ಗಿ. ಉಣ್ಣುವವರ ಅಳತೆಯನ್ನು ಮೀರಿದರೆ ಕೊಳೆ.

ಕಡಲು ಇಲ್ಲದುದನ್ನು ಹುಟ್ಟಿಸಲಾರದು. ದಡಕ್ಕೆ ಬಿದ್ದ ಪ್ರತಿಯೊಂದು ಬುಟ್ಟಿ ಪಾಚಿಯಲ್ಲಿರುವ ಸಾರಜನಕವು ಎಲ್ಲಿಂದಲೋ ಬಂದಿರಬೇಕು. ಬ್ರಿಟನಿಯಲ್ಲಿ ಅದು ಹೊಲದಿಂದಲೂ ಕೊಟ್ಟಿಗೆಯಿಂದಲೂ ಬಂದಿತು. ಕಡಲಿನ ದಾರಿ ಹಿಡಿಯದ ಹೊಳೆ ಅಪರೂಪ. ಕಡಲಿನಿಂದ ನೂರಾರು ಮೈಲಿ ದೂರದಲ್ಲಿ ಕುಳಿತು ಈ ಮಾತನ್ನು ಕೇಳುತ್ತಿರುವ ನಾವೂ ಯಾವುದೋ ಒಂದು ಹೊಳೆಯ ದಂಡೆಯವರೇ. ಬೇಸಾಯಗಾರನು ಪೈರಿಗೆ ಬೇಕಾದಷ್ಟನ್ನೇ, ಬೇಕಾದ ಕಾಲಕ್ಕೆ ಹಾಕಿದರೆ ಅವನ ಹಣವೂ ಉಳಿಯಿತು, ಕೆಳಗಿನವರ ನೀರೂ ಉಳಿಯಿತು. ಪಟ್ಟಣದವರು ತಮ್ಮ ಚರಂಡಿಯ ನೀರನ್ನು ಶುದ್ಧಿಮಾಡಿ ಬಿಟ್ಟರೆ ಅದೂ ಅಷ್ಟೇ ದೊಡ್ಡ ಉಪಕಾರ. ಮೊದಲು ಪರೀಕ್ಷಿಸಬೇಕಾದುದು ನಮ್ಮ ಊರ ಕೆರೆಯನ್ನು. ಅದರ ನೀರು ಹಸಿರೇರಿದ್ದರೆ, ಮೇಲಿನಿಂದ ಅದಕ್ಕೆ ಏನು ಹರಿದುಬರುತ್ತಿದೆಯೆಂದು ಒಮ್ಮೆ ಕಾಲುವೆಯ ಗುಂಟ ನಡೆದು ನೋಡಿ ಬನ್ನಿರಿ.